ಪೆಟ್ಟಿಗೆಯ ಅರ್ಧ ಸೆಕೆಂಡು

ಭದ್ರಾವತಿಯ ಫೌಂಡ್ರಿಯಿಂದ ಅನೀಸಾಳ ಫೋನಿಗೆ ಬರುತ್ತಿದ್ದ ಅಂಕಿಗಳಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಫರ್ನೇಸಿನ ಶಾಖ ಸರಿಯಿತ್ತು, ನೀರಿನ ಹರಿವು ಸರಿಯಿತ್ತು, ಸೋರಿಕೆಯ ಕರೆಂಟು ಹಸಿರು ಗೆರೆಯ ಕೆಳಗೇ ಇತ್ತು. ಅವಳ ಕಣ್ಣಿಗೆ ಬಿದ್ದದ್ದು ಅಂಕಿಗಳ ಪಕ್ಕದಲ್ಲಿದ್ದ ಸಮಯ. ಶಿವಮೊಗ್ಗದ ಗಾರ್ಡನ್ ಏರಿಯಾದಲ್ಲಿದ್ದ ಅವಳ ಕೆಲಸದ ಕೋಣೆಯ ಗಡಿಯಾರ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಫೋನಿನಲ್ಲಿ ಇನ್ನೂ ಹನ್ನೊಂದೂವರೆ.

ನೆಟ್‌ವರ್ಕ್ ನಿಧಾನವಿರಬೇಕು ಎಂದುಕೊಂಡು ಟಿಫನ್ ಡಬ್ಬಿ ತೆಗೆದಳು. ಎರಡು ತುತ್ತು ತಿಂದಳು. ಮನಸ್ಸು ತಡೆಯಲಿಲ್ಲ. ಫೋನನ್ನು ಎದುರಿಗಿಟ್ಟುಕೊಂಡು ಕೂತಳು. ಫೌಂಡ್ರಿಯಲ್ಲಿ ಕೂರಿಸಿರುವ ಅವರ ಪೆಟ್ಟಿಗೆ ನಿಮಿಷಕ್ಕೊಂದು ಸಂದೇಶ ಕಳಿಸಬೇಕು. ಒಂದು ಬಂತು. ಮುಂದಿನದು ಬರುವಷ್ಟರಲ್ಲಿ ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಕಳೆದಿತ್ತು. ಆದರೆ ಎರಡು ಸಂದೇಶಗಳ ಮೇಲಿದ್ದ ಸಮಯಗಳ ನಡುವೆ ಒಂದೇ ನಿಮಿಷದ ಅಂತರ.

ನೆಟ್‌ವರ್ಕ್ ತಡವಾದರೆ ಸಂದೇಶ ತಡವಾಗಿ ಬರುತ್ತದೆ. ನಿಮಿಷವೇ ಉದ್ದವಾಗುವುದಿಲ್ಲ.

ಡಬ್ಬಿಯ ಮುಚ್ಚಳವನ್ನೂ ಹಾಕದೆ ಅವಳು ಎದ್ದು ಲ್ಯಾಪ್‌ಟಾಪ್ ತೆರೆದಳು.

ಅನೀಸಾ ಮತ್ತು ದುಶ್ಯಂತ್ ಒಂದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರು. ಕೆಲವು ವರ್ಷಗಳಿಂದ ಇಬ್ಬರೂ ಪಾಲುದಾರರಾಗಿ ಸುತ್ತಲಿನ ಕಾರ್ಖಾನೆಗಳಿಗೆ ಅಳತೆಯ ಪೆಟ್ಟಿಗೆಗಳನ್ನು ಮಾಡಿಕೊಡುತ್ತಿದ್ದರು. ಸರ್ಕ್ಯೂಟ್ ಅವಳದು, ಪ್ರೋಗ್ರಾಂ ಅವನದು. ಕೆಳಗೆ ಅವಳ ತಂದೆ ಮೆಹಬೂಬ್ ಸಾಬ್ ಅವರ ಗ್ಯಾರೇಜು, ಮೇಲೆ ಇವರ ಕೋಣೆ. ಅವರು ಈವರೆಗೆ ಮಾಡಿದ್ದರಲ್ಲಿ ಈ ಫೌಂಡ್ರಿಯ ಪೆಟ್ಟಿಗೆಯೇ ದೊಡ್ಡ ಕೆಲಸ.

ಅಲ್ಲಿ ಕಬ್ಬಿಣ ಕರಗಿಸುವುದು ಕರೆಂಟಿನಿಂದ. ದೊಡ್ಡ ಹಂಡೆಯಂಥ ಫರ್ನೇಸು. ಅದರ ಸುತ್ತ ತಾಮ್ರದ ಕೊಳವೆಯ ಸುರುಳಿ. ಆ ಕೊಳವೆ ಕರಗಿಹೋಗದಂತೆ ಅದರೊಳಗೆ ಸದಾ ಹರಿಯುವ ನೀರು. ಕರಗಿದ ಕಬ್ಬಿಣಕ್ಕೂ ನೀರಿಗೂ ನಡುವೆ ಇರುವುದು ಗೇಣಷ್ಟೂ ದಪ್ಪವಿಲ್ಲದ ಗಟ್ಟಿ ಪುಡಿಯ ಗೋಡೆ, ಅದಕ್ಕೆ ಲೈನಿಂಗ್ ಅನ್ನುತ್ತಾರೆ. ಲೈನಿಂಗ್ ಬಿರುಕು ಬಿಟ್ಟು ಕಬ್ಬಿಣ ಕೊಳವೆಯನ್ನು ಮುಟ್ಟಿತೆಂದರೆ ಕಬ್ಬಿಣವೂ ನೀರೂ ಸೇರುತ್ತವೆ. ಆಗ ಏನಾಗುತ್ತದೆ ಎಂಬುದನ್ನು ಭದ್ರಾವತಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಬಿರುಕು ಮೂಡಿದಾಗ ಮೊದಲಿಗೆ ಸ್ವಲ್ಪ ಕರೆಂಟು ನೆಲಕ್ಕೆ ಸೋರುತ್ತದೆ. ಫರ್ನೇಸಿನ ಜೊತೆ ಬಂದಿದ್ದ ಸೋರಿಕೆಯ ಅಲಾರಾಂ ಸುಮ್ಮಸುಮ್ಮನೆ ಬಡಿದು ಕೆಲಸ ಕೆಡಿಸುತ್ತಿದೆ ಎಂದು ಮಾಲೀಕ ಜ್ಞಾನೇಶ್ ಬೇಸತ್ತಿದ್ದರು. ನಿಜವಾದ ಸೋರಿಕೆಯನ್ನೂ ಕ್ಷಣಮಾತ್ರದ ಗದ್ದಲವನ್ನೂ ಬೇರೆ ಮಾಡಿ ನೋಡುವ ಪೆಟ್ಟಿಗೆ ಬೇಕು ಎಂದು ಕೇಳಿದ್ದರು. ಅನೀಸಾ ಒಂದು ನಿಯಮ ಮಾಡಿದಳು: ಸೋರಿಕೆ ಮಿತಿ ದಾಟಿ ಎಡೆಬಿಡದೆ ಅರ್ಧ ಸೆಕೆಂಡು ನಿಂತರೆ ಮಾತ್ರ ಪೆಟ್ಟಿಗೆ ಫರ್ನೇಸಿನ ಕರೆಂಟು ಕಡಿಯಬೇಕು.

ಆ ಅರ್ಧ ಸೆಕೆಂಡನ್ನು ಅಳೆಯುವುದು ಟೈಮರ್. ಸೆಕೆಂಡಿಗೆ ಸಾವಿರ ಸಲ ಅದು ಪ್ರೊಸೆಸರಿನ ಭುಜ ತಟ್ಟುತ್ತದೆ. ತಟ್ಟಿದ ಕೂಡಲೇ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಸೋರಿಕೆ ಎಷ್ಟಿದೆ ಎಂದು ಓದಿ, ಮತ್ತೆ ಬಿಟ್ಟ ಕೆಲಸಕ್ಕೆ ಮರಳಬೇಕು. ಈ ತಟ್ಟಿಗೇ ಇಂಟರಪ್ಟ್ ಎಂದು ಹೆಸರು. ತಟ್ಟಿದಾಗ ಮಾಡುವ ಕೆಲಸ ಚಿಕ್ಕದಿರಬೇಕು. ಮುಂದಿನ ತಟ್ಟು ಬೀಳುವ ಮೊದಲೇ ಮುಗಿದಿರಬೇಕು. ಪೆಟ್ಟಿಗೆಯಲ್ಲಿ ಬೇರೆ ಗಡಿಯಾರವಿರಲಿಲ್ಲ. ಬೆಳಿಗ್ಗೆ ಶುರುವಾಗುವಾಗ ಮೊಬೈಲ್ ನೆಟ್‌ವರ್ಕಿನಿಂದ ಸಮಯ ತಿಳಿದುಕೊಂಡು, ಆಮೇಲೆ ಈ ತಟ್ಟುಗಳನ್ನು ಎಣಿಸಿಯೇ ಅದು ಗಂಟೆ ಹೇಳುತ್ತಿತ್ತು.

ಪೆಟ್ಟಿಗೆಯ ಗಂಟೆ ಹಿಂದೆ ಬಿದ್ದಿದೆ ಎಂದರೆ ಅದು ತಟ್ಟುಗಳನ್ನು ಕಳೆದುಕೊಳ್ಳುತ್ತಿದೆ. ಒಂದೆರಡಲ್ಲ, ಅರ್ಧಕ್ಕಿಂತ ಹೆಚ್ಚು.

ಅವಳು ಪ್ರೋಗ್ರಾಮಿನಲ್ಲಿ ಇಂಟರಪ್ಟಿನ ಭಾಗ ಹುಡುಕಿದಳು. ಸೋರಿಕೆ ಓದುವ ಸಾಲುಗಳ ಕೆಳಗೆ ದುಶ್ಯಂತ್ ಕಳೆದ ತಿಂಗಳು ಸೇರಿಸಿದ ಸಾಲುಗಳಿದ್ದವು. ಪ್ರತಿ ಅಳತೆಯೂ ಮೆಮೊರಿ ಕಾರ್ಡಿನಲ್ಲಿ ಉಳಿಯಬೇಕು ಎಂದು ಜ್ಞಾನೇಶ್ ಕೇಳಿದ್ದರಿಂದ, ಕಾರ್ಡಿಗೆ ಬರೆಯುವ ಕೆಲಸವನ್ನು ಅವನು ಅಲ್ಲೇ, ತಟ್ಟಿನ ಒಳಗೇ ಇಟ್ಟಿದ್ದ. ಹೊಸ ಕಾರ್ಡಿಗೆ ಬರೆಯುವುದು ಬೇಗ ಮುಗಿಯುತ್ತದೆ. ಕಾರ್ಡು ತುಂಬುತ್ತ ಬಂದಂತೆ ಖಾಲಿ ಜಾಗ ಹುಡುಕಿ ಬರೆಯಲು ಹೊತ್ತು ಹಿಡಿಯುತ್ತದೆ. ಈಗ ಒಂದು ಸಲ ಬರೆದು ಮುಗಿಸುವಷ್ಟರಲ್ಲಿ ಮುಂದಿನ ತಟ್ಟುಗಳು ಬಿದ್ದು ಹೋಗಿರುತ್ತಿದ್ದವು.

ಹಾಗಾದರೆ ಪೆಟ್ಟಿಗೆಯ ಅರ್ಧ ಸೆಕೆಂಡು ಈಗ ನಿಜದ ಒಂದು ಸೆಕೆಂಡಿಗಿಂತ ಉದ್ದ. ಕರಗಿದ ಕಬ್ಬಿಣ ಫರ್ನೇಸಿನೊಳಗೆ ಸುಮ್ಮನೆ ನಿಂತಿರುವುದಿಲ್ಲ, ಮಗುಚುತ್ತ ಕುದಿಯುತ್ತಿರುತ್ತದೆ. ಬಿರುಕಿಗೆ ಒಮ್ಮೆ ನುಗ್ಗಿ ಮತ್ತೆ ಹಿಂದೆ ಸರಿಯುತ್ತದೆ. ಅಂಥ ಸೋರಿಕೆ ಬಂದು ಹೋಗುವಷ್ಟರಲ್ಲಿ ಪೆಟ್ಟಿಗೆಯ ಅರ್ಧ ಸೆಕೆಂಡು ಮುಗಿದಿರುವುದೇ ಇಲ್ಲ. ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಫೋನಿಗೆ ಬರುವುದು ಇಡೀ ನಿಮಿಷದ ಸರಾಸರಿ. ಅದು ಹಸಿರಾಗಿಯೇ ಇರುತ್ತದೆ.

ಅವಳು ದುಶ್ಯಂತನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಫರ್ನೇಸಿನ ಅಟ್ಟದ ಮೇಲಿನ ಸದ್ದಿನಲ್ಲಿ ಫೋನ್ ಕೇಳಿಸುವುದಿಲ್ಲ. ಫೌಂಡ್ರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೇಮಶ್ರೀಯ ನಂಬರು ಒತ್ತಿದಳು. ಅವಳು ಎತ್ತಿದಳು.

"ಹೇಮಶ್ರೀ, ದುಶ್ಯಂತ್ ಎಲ್ಲಿದಾನೆ?"

"ಫರ್ನೇಸ್ ಹತ್ರಾನೇ ಇದಾರೆ ಮೇಡಂ. ಪುಣೆಯಿಂದ ಆರ್ಡರ್ ಕೊಡೋ ಪಾರ್ಟಿಯೋರು ಬಂದಿದಾರೆ. ಜ್ಞಾನೇಶ್ ಸಾರ್ ಅವರಿಗೆ ನಿಮ್ಮ ಸ್ಕ್ರೀನ್ ತೋರಿಸ್ತಿದಾರೆ."

"ಫರ್ನೇಸಲ್ಲಿ ಮೆಟಲ್ ಇದೆಯಾ?"

"ಫುಲ್ ಇದೆ. ಇನ್ನೇನು ಸ್ವಲ್ಪ ಹೊತ್ತಿಗೆ ಎರಕ ಹೊಯ್ಯೋದು."

"ಫೋನ್ ಕಟ್ ಮಾಡ್ಬೇಡ. ಹಂಗೇ ಓಡಿ ಹೋಗಿ ಅವನ ಕೈಗೆ ಕೊಡು."

ಹೇಮಶ್ರೀ ಓಡುವ ಸದ್ದು, ಯಾವುದೋ ಕಬ್ಬಿಣದ ಬಾಗಿಲು, ಆಮೇಲೆ ಫರ್ನೇಸಿನ ಗುಂಯ್‌ಗುಡುವಿಕೆ. ಕೊನೆಗೆ ದುಶ್ಯಂತನ ದನಿ.

"ಏನು ಮಾರಾಯ್ತಿ? ಇಲ್ಲಿ ಪಾರ್ಟಿಯೋರ ಮುಂದೆ..."

"ಪೆಟ್ಟಿಗೆ ಮೇಲೆ ಟೈಮ್ ಎಷ್ಟಿದೆ ನೋಡು."

"ಯಾಕೆ?"

"ನೋಡು ಮೊದ್ಲು."

"ಹನ್ನೊಂದೂ ಮುಕ್ಕಾಲು ಆಗ್ತಾ ಬಂತು," ಎಂದ.

"ನಿನ್ನ ಕೈಯಲ್ಲಿರೋ ವಾಚಲ್ಲಿ?"

"ಒಂದೂವರೆ ದಾಟಿದೆ," ಎಂದ. ಅವನಿಗೆ ಅರ್ಥವಾಗಿದೆ ಎಂದು ಅವಳಿಗೆ ತಿಳಿಯಿತು. ಪ್ರೋಗ್ರಾಂ ಬರೆದವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

"ಟೆಸ್ಟ್ ಮಾಡಿದ್ವಲ್ಲ ಅನೀಸಾ," ಎಂದ ಮೆಲ್ಲಗೆ. "ಇಬ್ಬರೂ ಕೂತೇ ಮಾಡಿದ್ವಿ."

"ಖಾಲಿ ಕಾರ್ಡ್ ಹಾಕಿ ಮಾಡಿದ್ವಿ. ನಾನೂ ಓಕೆ ಅಂದೆ. ಅದನ್ನ ಆಮೇಲೆ ಮಾತಾಡೋಣ."

"ರೀಸ್ಟಾರ್ಟ್ ಮಾಡ್ತೀನಿ. ಟೈಮ್ ಸರಿಹೋಗುತ್ತೆ. ಇವರು ಹೋಗೋವರೆಗೂ ಯಾರಿಗೂ ಹೇಳೋದು ಬೇಡ."

"ಟೈಮ್ ಸರಿಹೋಗುತ್ತೆ, ಕಾರ್ಡ್ ಖಾಲಿ ಆಗುತ್ತಾ?"

"ಕಾರ್ಡ್ ಕಿತ್ತು ಹಾಕ್ತೀನಿ."

"ಕಿತ್ರೆ ನಿನ್ನ ಕೋಡ್ ಕಾರ್ಡಿನ ಉತ್ತರಕ್ಕೆ ಕಾಯ್ತಾ ಅಲ್ಲೇ ನಿಂತುಬಿಡುತ್ತೆ. ಈಗ ಓದಿದೆ ನಾನು. ದುಶ್ಯಂತ್, ಪರಮೇಶ್ವರಪ್ಪನೋರಿಗೆ ಫೋನ್ ಕೊಡು."

ಪರಮೇಶ್ವರಪ್ಪ ಜನ್ನಾಪುರದವರು, ಫರ್ನೇಸಿನ ಶಿಫ್ಟ್ ಇನ್‌ಚಾರ್ಜ್. ಮಾತು ಕಡಿಮೆ. ಅನೀಸಾ ಪೆಟ್ಟಿಗೆ ಕೂರಿಸಲು ಹೋದಾಗಲೆಲ್ಲ ಕುರ್ಚಿ ತರಿಸಿ ಕೊಟ್ಟು ದೂರ ನಿಂತು ನೋಡುತ್ತಿದ್ದರು.

"ಹೇಳಿ ಅಮ್ಮ."

"ಸಾರ್, ನಮ್ಮ ಪೆಟ್ಟಿಗೇನ ನಂಬಬೇಡಿ. ಅದು ಸೋರಿಕೆ ಹಿಡೀತಿಲ್ಲ. ಎಲ್ಲರನ್ನೂ ಕೆಳಗೆ ಇಳಿಸಿ. ಮೆಟಲ್ ಹೊರಗೆ ತೆಗೀರಿ."

"ಲೈನಿಂಗ್ ಹೋಗಿದೆ ಅಂತೀರಾ?"

ಹೌದು ಅಂದರೆ ಅವರು ಕೂಡಲೇ ಸುರಿಸುತ್ತಾರೆ. ಆದರೆ ಹೌದು ಎಂದು ಅವಳಿಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಸಾರ್. ಹೋಗಿಲ್ಲ ಅನ್ನೋದೂ ಗೊತ್ತಿಲ್ಲ. ಹೋದ್ರೂ ನಮ್ಮ ಪೆಟ್ಟಿಗೆ ಹೇಳಲ್ಲ. ಅಷ್ಟು ಮಾತ್ರ ಗ್ಯಾರಂಟಿ ಹೇಳ್ತೀನಿ."

"ಪವರ್ ಇಳಿಸೋದು ನನ್ನ ಕೈಲಿದೆ, ಇಳಿಸ್ತೀನಿ. ಜನಾನೂ ಇಳಿಸ್ತೀನಿ. ತುಂಬಿದ ಫರ್ನೇಸು ಮರಳಿನ ಗುಂಡಿಗೆ ಸುರಿಯೋದಕ್ಕೆ ಸಾಹುಕಾರ್ರು ಹೂಂ ಅನ್ಬೇಕು. ತಡೀರಿ, ಇಲ್ಲೇ ಬಂದ್ರು."

ಜ್ಞಾನೇಶ್ ದನಿ ತಗ್ಗಿಸಿಯೇ ಮಾತಾಡಿದರು, ಪಕ್ಕದಲ್ಲಿ ಅತಿಥಿಗಳಿದ್ದುದರಿಂದ. "ಮೇಡಂ, ಹೋದ ವಾರ ಹೊಸ ಲೈನಿಂಗ್ ಹಾಕ್ಸಿದೀನಿ. ಹಳೇ ಅಲಾರಾಂ ಸುಳ್ಳು ಹೇಳುತ್ತೆ ಅಂತ ತಾನೆ ನಿಮ್ಮ ಹತ್ರ ಬಂದಿದ್ದು? ಈಗ ನಿಮ್ಮದೂ ಸುಳ್ಳು ಅಂತ ನೀವೇ ಹೇಳ್ತೀರಿ. ಫೋನಲ್ಲಿ ಹೇಳಿದ್ದಕ್ಕೆಲ್ಲ ಫರ್ನೇಸ್ ಮೆಟಲ್ ಚೆಲ್ಲಕ್ಕಾಗಲ್ಲ. ಬಂದು ತೋರ್ಸಿ."

"ಬರ್ತೀನಿ ಸಾರ್. ಅಲ್ಲೀವರೆಗೂ ಯಾರೂ ಮೇಲೆ ಹೋಗಬಾರದು."

ಫೋನ್ ಮತ್ತೆ ದುಶ್ಯಂತನ ಕೈಗೆ ಬಂತು. "ಲ್ಯಾಪ್‌ಟಾಪ್ ಇದೆಯಲ್ಲ ನಿನ್ನ ಹತ್ರ," ಎಂದಳು ಅವಳು. "ನಾನು ಬರೋಷ್ಟರಲ್ಲಿ ಇಂಟರಪ್ಟ್ ಒಳಗೆ ಓದೋದೊಂದು ಬಿಟ್ಟು ಬೇರೇನೂ ಇರಬಾರದು. ಓದು, ಮೆಮೊರಿಗೆ ಹಾಕು, ಹೊರಗೆ ಬಾ. ಅಷ್ಟೇ."

"ಹೂಂ," ಎಂದ ಅವನು.

ಅನೀಸಾ ಒಂದು ಚೀಲಕ್ಕೆ ಕರೆಂಟಿನ ತಡೆ ಅಳೆಯುವ ಮೀಟರು ಹಾಕಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಮೆಹಬೂಬ್ ಸಾಬ್ ಯಾರದೋ ಹಳೆಯ ಕಾರಿನ ಬಾನೆಟ್ ಮುಚ್ಚುತ್ತಿದ್ದರು. ಮಗಳ ಮುಖ ನೋಡಿ ಕೈ ಒರೆಸಿಕೊಳ್ಳುವುದನ್ನೇ ಮರೆತರು.

"ಕ್ಯಾ ಹುವಾ ಬೇಟಾ?"

"ಅಬ್ಬಾ, ಭದ್ರಾವತಿಗೆ ಬಿಡಿ. ಈಗಲೇ. ಕಾಗದನಗರದ ಆಚೆ, ಆ ಫೌಂಡ್ರಿಗೆ."

ಅವರು ಬೇರೇನೂ ಕೇಳದೆ ಗ್ಯಾರೇಜಿನ ಓಮ್ನಿಯ ಬೀಗದ ಕೈ ತೆಗೆದುಕೊಂಡರು.

ಬಿ.ಎಚ್. ರಸ್ತೆಯಲ್ಲಿ ಬಸ್ಸುಗಳ ಸಾಲು. ಊರು ದಾಟುವವರೆಗೂ ಅನೀಸಾ ಫೋನನ್ನೇ ನೋಡುತ್ತಿದ್ದಳು. ಪ್ರತಿ ಸಂದೇಶವೂ ಹಸಿರು. ಈ ಹಸಿರು ಬಣ್ಣವನ್ನು ಅವಳೇ ಆರಿಸಿದ್ದಳು. ಎಂಥ ಬಿಸಿಲಲ್ಲೂ ಕಾಣಬೇಕು ಎಂದು.

ಮಾಚೇನಹಳ್ಳಿ ಹತ್ತಿರ ಬಂದಾಗ ಅವಳ ತಂದೆ ಕೇಳಿದರು, "ಯಾರಿಗಾದ್ರೂ ಏನಾದ್ರೂ ಆಗಿದೆಯಾ?"

"ಇನ್ನೂ ಇಲ್ಲ."

"ನಿಮ್ಮ ಮಶೀನಿಂದಾನಾ?"

"ಹೂಂ ಅಬ್ಬಾ. ಒಬ್ಬ ಕಾವಲುಗಾರನ್ನ ಇಟ್ಟಿದ್ವಿ. ಬಾಗಿಲು ನೋಡ್ಕೋ ಅಂತ ಇಟ್ಟು, ಬಂದೋರ ಹೆಸರೆಲ್ಲ ಒಳಗೆ ಹೋಗಿ ಬರೆದು ಬಾ ಅಂತಾನೂ ಅವನಿಗೇ ಹೇಳಿದ್ವಿ. ಅವನು ಬರೀತಾ ಕೂತಿದಾನೆ. ಬಾಗಿಲಲ್ಲಿ ಯಾರೂ ಇಲ್ಲ."

ಮೆಹಬೂಬ್ ಸಾಬ್ ತಲೆಯಾಡಿಸಿ ಲಾರಿಯೊಂದನ್ನು ಹಿಂದೆ ಹಾಕಿದರು. ಭದ್ರಾ ಸೇತುವೆಯ ಮೇಲೆ ಟ್ರಾಕ್ಟರೊಂದು ಅಡ್ಡ ನಿಂತು ಗಾಡಿಗಳೆಲ್ಲ ತಡೆದುಕೊಂಡಿದ್ದವು. ಅನೀಸಾಗೆ ಬಾಗಿಲು ತೆಗೆದು ಓಡಬೇಕೆನಿಸಿತು. ಸಂದೇಶಗಳು ಈಗ ಮೂರು ನಿಮಿಷಕ್ಕೊಂದರಂತೆ ಬರುತ್ತಿದ್ದವು. ಪೆಟ್ಟಿಗೆ ಇನ್ನಷ್ಟು ಹಿಂದೆ ಬೀಳುತ್ತಿತ್ತು. ಮೆಹಬೂಬ್ ಸಾಬ್ ಕಿಟಕಿಯಿಂದ ತಲೆ ಹೊರಹಾಕಿ, ಬಸ್ಸಿನವನಿಗೂ ಟ್ರಾಕ್ಟರಿನವನಿಗೂ ಕೂಗಿ ಹೇಳಿ, ಪಕ್ಕದ ಸಂದಿಯಲ್ಲಿ ಓಮ್ನಿ ತೂರಿಸಿದರು.

ಫೌಂಡ್ರಿಯ ಅಂಗಳದಲ್ಲಿ ಪುಣೆಯಿಂದ ಬಂದ ಇಬ್ಬರು ಹೆಲ್ಮೆಟ್ ಹಾಕಿಕೊಂಡೇ ಬೇವಿನ ಮರದ ಕೆಳಗೆ ನಿಂತಿದ್ದರು. ಕೆಲಸದವರೂ ಹೊರಗಿದ್ದರು. ಅಷ್ಟು ನೋಡಿ ಅವಳ ಉಸಿರು ಸ್ವಲ್ಪ ಸಡಿಲವಾಯಿತು. ಶೆಡ್ಡಿನೊಳಗೆ ಫರ್ನೇಸು ಅಟ್ಟದ ಮೇಲೆ ಕೆಂಪಗೆ ಉರಿಯುತ್ತಿತ್ತು, ಗುಂಯ್‌ಗುಡುವ ಸದ್ದು ತಗ್ಗಿತ್ತು. ದೂರದ ಕಂಟ್ರೋಲ್ ಪ್ಯಾನೆಲ್ ಹತ್ತಿರ ದುಶ್ಯಂತ್ ಲ್ಯಾಪ್‌ಟಾಪ್ ಇಟ್ಟುಕೊಂಡು ನೆಲದ ಮೇಲೇ ಕೂತಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವಳು ಅವನ ಪಕ್ಕ ಕೂತು ತೆರೆ ನೋಡಿದಳು.

ಇಂಟರಪ್ಟಿನಲ್ಲಿ ಈಗ ನಾಲ್ಕೇ ಸಾಲು. ಕಾರ್ಡಿಗೆ ಬರೆಯುವುದು, ಸಂದೇಶ ಕಳಿಸುವುದು, ತೆರೆಗೆ ಬಣ್ಣ ಹಚ್ಚುವುದು, ಎಲ್ಲವೂ ಹೊರಗಿನ ಮುಖ್ಯ ಕೆಲಸಕ್ಕೆ ಹೋಗಿದ್ದವು. ಪುರುಸೊತ್ತಾದಾಗ ಮಾಡಿಕೊಳ್ಳಲಿ, ತಡವಾದರೆ ತಡವಾಗಲಿ. ಅವಳು ಎರಡು ಸಲ ಓದಿದಳು. ಹಿಂದಿನ ಸಲ ಓದದೆ ಓಕೆ ಎಂದದ್ದು ನೆನಪಾಗಿ ಮೂರನೆಯ ಸಲವೂ ಓದಿದಳು.

"ಸರಿಯಿದೆ," ಎಂದಳು. "ಹಾಕು."

"ಹಾಕುವಾಗ ಪೆಟ್ಟಿಗೆ ಸ್ವಲ್ಪ ಹೊತ್ತು ಸತ್ತಿರುತ್ತೆ. ಪವರ್ ಟ್ರಿಪ್ ಆಗುತ್ತೆ." ಅವನು ಜ್ಞಾನೇಶರ ಕಡೆ ನೋಡಿದ.

ಜ್ಞಾನೇಶ್ ಪ್ಯಾನೆಲ್ಲಿಗೆ ಒರಗಿ ನಿಂತಿದ್ದರು. "ಪವರ್ ಹೋದ್ರೆ ಮೆಟಲ್ ತಣ್ಣಗಾಗುತ್ತೆ. ಇವತ್ತಿನ ಪೀಸ್ ಅವರ ಕಣ್ಮುಂದೆ ಎರಕ ಹೊಯ್ದು ತೋರ್ಸ್ತೀನಿ ಅಂತ ಕರ್ಸಿದೀನಿ. ಒಂದು ವರ್ಷದಿಂದ ಈ ಆರ್ಡರ್ ಹಿಂದೆ ಬಿದ್ದಿದೀನಿ. ಮೊದ್ಲು ಎರಕ ಮುಗೀಲಿ, ಆಮೇಲೆ ಹಾಕ್ಕೊಳ್ಳಿ. ಅಷ್ಟು ಹೊತ್ತು ಏನಾಗಲ್ಲ."

ದುಶ್ಯಂತ್ ಎದ್ದು ನಿಂತ. "ಸಾರ್, ತಪ್ಪು ನನ್ನದು. ಕಾರ್ಡಿಗೆ ಬರೆಯೋದನ್ನ ಎಲ್ಲಿ ಹಾಕಬಾರದಿತ್ತೋ ಅಲ್ಲೇ ಹಾಕಿದೆ. ನಿಮ್ಮ ಜನ ಇಷ್ಟು ದಿನ ಈ ಸ್ಕ್ರೀನ್ ನೋಡ್ಕೊಂಡು ಅದರ ಪಕ್ಕ ನಿಂತಿದ್ರು. ಎರಕ ಹೊಯ್ಯೋಕೆ ಈಗ ಇಬ್ಬರು ಮೇಲೆ ಹೋಗಬೇಕು. ಯಾರನ್ನ ಕಳಿಸ್ತೀರಾ ಹೇಳಿ. ಅವರ ಜೊತೆ ನಾನೂ ಹೋಗಿ ನಿಲ್ತೀನಿ."

ಪರಮೇಶ್ವರಪ್ಪ ಮುಂದೆ ಬಂದು ಪ್ಯಾನೆಲ್ಲಿನ ದೊಡ್ಡ ಹಿಡಿಯನ್ನು ಕೆಳಗೆಳೆದರು. ಗುಂಯ್ ಎನ್ನುವ ಸದ್ದು ನಿಂತುಹೋಯಿತು. ಕೊಳವೆಯಲ್ಲಿ ನೀರು ಹರಿಯುವ ಸದ್ದೊಂದೇ ಉಳಿಯಿತು.

"ಹಾಕಿ ಅಪ್ಪ," ಎಂದರು ದುಶ್ಯಂತನಿಗೆ.

ಪೆಟ್ಟಿಗೆಯ ತೆರೆ ಕಪ್ಪಾಯಿತು. ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ನಿಧಾನವಾಗಿ ತುಂಬುತ್ತ ಹೋಯಿತು. ಮುಕ್ಕಾಲು ತುಂಬಿದಾಗ ನಿಂತಿತು. ದುಶ್ಯಂತ್ ಕೇಬಲ್ಲನ್ನು ಗಟ್ಟಿಯಾಗಿ ಒತ್ತಿ ಹಿಡಿದ. ಪಟ್ಟಿ ಮತ್ತೆ ಸರಿಯಿತು, ತುಂಬಿತು. ತೆರೆ ಬೆಳಗಿತು. ಪೆಟ್ಟಿಗೆ ನೆಟ್‌ವರ್ಕ್ ಹುಡುಕಿ ಸಮಯ ತೆಗೆದುಕೊಂಡಿತು. ಅನೀಸಾ ತನ್ನ ಫೋನನ್ನು ಅದರ ಪಕ್ಕಕ್ಕೆ ಹಿಡಿದಳು. ಎರಡರ ಸೆಕೆಂಡುಗಳೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದವು.

ಆಗಲೇ ಗಂಟೆ ಬಡಿಯಿತು.

ಯಾರಿಗೂ ಅದು ಅಲಾರಾಂ ಎಂದು ಮೊದಲು ಹೊಳೆಯಲಿಲ್ಲ. ಪೆಟ್ಟಿಗೆ ಕೂರಿಸಿದ ಮೇಲೆ ಅದು ಬಡಿದದ್ದನ್ನು ಯಾರೂ ಕೇಳಿರಲಿಲ್ಲ. ತೆರೆಯ ಹಸಿರು ಹೋಗಿ ಕೆಂಪು ಬಂದಿತ್ತು. ಫರ್ನೇಸಿನ ಪವರ್ ನಿಂತಿದ್ದರೂ, ಪರೀಕ್ಷೆಗೆಂದು ಪೆಟ್ಟಿಗೆಯೇ ಕೊಳವೆಗೆ ಬಿಡುವ ಸಣ್ಣ ಕರೆಂಟು ನೆಲಕ್ಕೆ ಸೋರುತ್ತಿತ್ತು. ಸೋರಿಕೆ ಮಿತಿಯ ಮೇಲೆ ನಿಂತಿತ್ತು, ಇಳಿಯುತ್ತಿರಲಿಲ್ಲ.

"ಇದು ನಿಜ ಅಂತ ಹೆಂಗೆ ನಂಬೋದು?" ಜ್ಞಾನೇಶರ ದನಿ ಏರಿತು. "ಈಗ ತಾನೆ ಸುಳ್ಳು ಹೇಳ್ತಿತ್ತು ಅಂದ್ರಿ. ಹೊಸಾ ಪ್ರೋಗ್ರಾಂ, ಅವಸರದಲ್ಲಿ ಬರೆದಿದ್ದು. ಇದೂ ತಪ್ಪಿರಬಹುದಲ್ಲ?"

ಅದು ನ್ಯಾಯವಾದ ಪ್ರಶ್ನೆಯೇ. ಅನೀಸಾ ಅದನ್ನು ದಾರಿಯಲ್ಲೇ ತನಗೆ ತಾನು ಕೇಳಿಕೊಂಡಿದ್ದಳು. ಚೀಲದಿಂದ ಮೀಟರು ತೆಗೆದಳು. "ಪೆಟ್ಟಿಗೇನ ನಂಬಬೇಡಿ ಸಾರ್. ಇದರಲ್ಲಿ ಪ್ರೋಗ್ರಾಮೇ ಇಲ್ಲ. ಕೊಳವೆಗೂ ನೆಲಕ್ಕೂ ನಡುವೆ ತಡೆ ಎಷ್ಟಿದೆ ಅಂತ ಮಾತ್ರ ಹೇಳುತ್ತೆ. ಹೊಸಾ ಲೈನಿಂಗ್ ಹಾಕಿದ ದಿನ ನೀವೇ ಅಳೆಸಿದ್ರಲ್ಲ, ಆವತ್ತಿನ ಲೆಕ್ಕ ನಿಮ್ಮ ಪ್ಯಾನೆಲ್ ಬಾಗಿಲಲ್ಲೇ ಬರೆದಿದೆ."

ಪರಮೇಶ್ವರಪ್ಪ ಮೇನ್ ಸ್ವಿಚ್ಚಿಗೆ ಬೀಗ ಜಡಿದು ಬೀಗದ ಕೈ ತಮ್ಮ ಜೇಬಿಗೆ ಹಾಕಿಕೊಂಡರು. ಪ್ಯಾನೆಲ್ಲಿನ ಹಿಂದೆ ಕೊಳವೆಗೆ ಹೋಗುವ ತಾಮ್ರದ ಪಟ್ಟಿ ತೋರಿಸಿದರು. ಅನೀಸಾ ಒಂದು ತಂತಿಯನ್ನು ಅದಕ್ಕೆ, ಇನ್ನೊಂದನ್ನು ಅರ್ತಿಂಗಿಗೆ ಹಚ್ಚಿದಳು. ಒಮ್ಮೆ ಕ್ಲಿಪ್ ಜಾರಿತು. ದುಶ್ಯಂತ್ ಅದನ್ನು ಹಿಡಿದುಕೊಂಡ. ಅವಳು ಮೀಟರಿನ ಗುಂಡಿ ಒತ್ತಿದಳು.

ಮೀಟರಿನ ಅಂಕಿ ಏರಬೇಕಾಗಿತ್ತು. ಏರಲಿಲ್ಲ. ಬಾಗಿಲ ಮೇಲೆ ಬರೆದಿದ್ದರ ಕಾಲು ಭಾಗವನ್ನೂ ಮುಟ್ಟದೆ ಅಲ್ಲೇ ತೂಗಾಡಿ ಇನ್ನೂ ಕೆಳಗಿಳಿಯಿತು.

ಜ್ಞಾನೇಶ್ ಬಗ್ಗಿ ನೋಡಿದರು. ಬಾಗಿಲ ಮೇಲಿನ ಬರಹ ನೋಡಿದರು. ಮತ್ತೆ ಮೀಟರು ನೋಡಿದರು.

"ಸುರೀರಿ," ಎಂದರು. "ಪರಮೇಶ್ವರಪ್ಪ, ಸುರಿದುಬಿಡಿ."

ಫರ್ನೇಸನ್ನು ಬಾಗಿಸುವ ಹಿಡಿ ಅಟ್ಟದ ಮೇಲಿತ್ತು. ಯಾರಾದರೂ ಒಬ್ಬರು ಅಲ್ಲಿ ನಿಲ್ಲಲೇಬೇಕು. ದುಶ್ಯಂತ್ ಮೆಟ್ಟಿಲ ಕಡೆ ಹೆಜ್ಜೆಯಿಟ್ಟ. ಪರಮೇಶ್ವರಪ್ಪ ಅವನ ಎದೆಗೆ ಕೈ ಅಡ್ಡ ಹಿಡಿದರು.

"ನಿಮಗೆ ಇದನ್ನ ಬಗ್ಸಕ್ಕೆ ಬರುತ್ತಾ?"

"ಇಲ್ಲ."

"ಮತ್ತೆ? ಗೋಡೆ ಹಿಂದೆ ಹೋಗಿ. ಗುಂಡಿ ಒಣಗಿದೆಯಾ ನೋಡಿ ಹೇಳಿ. ಒಂದು ಹನಿ ನೀರೂ ಇರಬಾರದು."

ಅಟ್ಟದ ಕೆಳಗೆ ಆಪತ್ತಿನ ಹೊತ್ತಿಗೆಂದೇ ತೋಡಿದ ಮರಳಿನ ಗುಂಡಿಯಿತ್ತು. ದುಶ್ಯಂತ್ ಅಂಚಿನಲ್ಲಿ ಮಂಡಿಯೂರಿ ಅಂಗೈಯಿಂದ ಮರಳು ತಡವಿ ನೋಡಿದ. "ಒಣಗಿದೆ!" ಎಂದು ಕೂಗಿದ. ಎಲ್ಲರೂ ಇಟ್ಟಿಗೆ ಗೋಡೆಯ ಹಿಂದಕ್ಕೆ ಸರಿದರು.

ಪರಮೇಶ್ವರಪ್ಪ ಒಬ್ಬರೇ ಮೇಲೆ ಹೋದರು. ಮುಖಕ್ಕೆ ಗಾಜಿನ ಮುಸುಕು, ಮೈಮೇಲೆ ಬೆಳ್ಳಿ ಬಣ್ಣದ ಕೋಟು. ಹಿಡಿಯನ್ನು ಸರಕ್ಕನೆ ಎಳೆಯಲಿಲ್ಲ. ಇಂಚಿಂಚೇ ಬಾಗಿಸಿದರು. ಫರ್ನೇಸಿನ ಬಾಯಿಂದ ಬಿಳಿ ಬೆಳಕಿನ ಧಾರೆ ಗುಂಡಿಗೆ ಬಿತ್ತು. ಮರಳಿನ ಮೇಲೆ ಕಿಡಿಗಳು ಹಾರಿದವು. ಶೆಡ್ಡಿನ ತ‌ಗಡುಗಳೆಲ್ಲ ಹಳದಿಯಾದವು. ಗೋಡೆಯ ಸಂದಿಯಿಂದ ನೋಡುತ್ತಿದ್ದ ಅನೀಸಾಳಿಗೆ ಮುಖ ಸುಡುತ್ತಿರುವುದು ತಿಳಿಯುತ್ತಿದ್ದರೂ ಹಿಂದೆ ಸರಿಯಲಾಗಲಿಲ್ಲ.

ಅರ್ಧ ಖಾಲಿಯಾಗಿರಬೇಕು. ಫರ್ನೇಸಿನ ಪಕ್ಕದಿಂದ, ಕೊಳವೆಯ ಸುರುಳಿ ಇರುವ ಕಡೆಯಿಂದ, ಬಿಳಿಯ ಹಬೆ ಸೊಯ್ಯನೆ ಎದ್ದಿತು.

"ಬಿಟ್ಟು ಬನ್ನಿ!" ಎಂದು ಜ್ಞಾನೇಶ್ ಕಿರುಚಿದರು. "ಪರಮೇಶ್ವರಪ್ಪ, ಬಿಟ್ಟು ಬನ್ನಿ!"

ಅವರು ಬರಲಿಲ್ಲ. ಈಗ ಬಿಟ್ಟರೆ ಉಳಿದ ಕಬ್ಬಿಣ ಮತ್ತೆ ಬಿರುಕಿನ ಕಡೆಗೇ ಹೋಗಿ ನಿಲ್ಲುತ್ತದೆ. ಅವರು ಹಿಡಿಯನ್ನು ಇನ್ನಷ್ಟು ಎಳೆದರು. ಧಾರೆ ದಪ್ಪವಾಯಿತು. ಹಬೆ ಅವರನ್ನು ಸೊಂಟದವರೆಗೆ ಮುಚ್ಚಿತು. ಅನೀಸಾ ಏನೋ ಪ್ರಾರ್ಥನೆ ಹೇಳುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ದುಶ್ಯಂತ್ ಅವಳ ಪಕ್ಕದಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ.

ಧಾರೆ ಸಣ್ಣಗಾಯಿತು. ತೊಟ್ಟಿಕ್ಕಿತು. ನಿಂತಿತು. ಫರ್ನೇಸು ಪೂರಾ ಮಗುಚಿಕೊಂಡು ಖಾಲಿ ಬಾಯಿ ತೋರಿಸುತ್ತಿತ್ತು. ಹಬೆಯೊಳಗಿಂದ ಪರಮೇಶ್ವರಪ್ಪ ಮೆಟ್ಟಿಲಿಳಿದು ಬಂದರು, ಓಡದೆ, ಕಂಬಿ ಹಿಡಿದುಕೊಂಡು. ಕೆಳಗೆ ಬಂದವರೇ ಮುಸುಕು ತೆಗೆದು ನೆಲದ ಮೇಲೆ ಕೂತುಬಿಟ್ಟರು. ಹೇಮಶ್ರೀ ನೀರಿನ ಬಾಟಲಿ ಕೊಟ್ಟಳು. ಅವರ ಎಡಗೈ ಮೇಲೆ ಹಬೆ ತಾಗಿ ಬೊಬ್ಬೆ ಎದ್ದಿತ್ತು. ಬೇರೇನೂ ಆಗಿರಲಿಲ್ಲ.

ಮರುದಿನ ತಣ್ಣಗಾದ ಫರ್ನೇಸಿನ ಲೈನಿಂಗ್ ಒಡೆದು ತೆಗೆದರು. ಅನೀಸಾ ಮತ್ತು ದುಶ್ಯಂತ್ ಇಬ್ಬರೂ ಹೋಗಿದ್ದರು. ಪುಡಿಯ ಗೋಡೆಯೊಳಗೆ ಕಬ್ಬಿಣ ಎಲೆಯಂತೆ ತೆಳ್ಳಗೆ ಹರಿದು ಗಟ್ಟಿಯಾಗಿತ್ತು. ಅದರ ತುದಿ ತಾಮ್ರದ ಕೊಳವೆಯನ್ನು ಮುಟ್ಟಿದ ಕಡೆ ಸೂಜಿಮೊನೆಯಷ್ಟು ತೂತಿತ್ತು. ಪುಡಿಯನ್ನು ಗಟ್ಟಿ ಮಾಡುವಾಗ ಒಂದು ಕಡೆ ಸಡಿಲ ಬಿಟ್ಟಿದ್ದೇ ಕಾರಣ ಎಂದು ಲೈನಿಂಗ್ ಹಾಕಿದವರು ಒಪ್ಪಿಕೊಂಡರು. ಪುಣೆಯವರು ಆರ್ಡರ್ ಕೊಡಲಿಲ್ಲ. ಮುಂದೆ ನೋಡೋಣ ಎಂದು ಹೇಳಿ ಹೋದರಂತೆ. ಜ್ಞಾನೇಶ್ ಇವರಿಬ್ಬರನ್ನೂ ಬಯ್ಯಲಿಲ್ಲ, ಹೊಗಳಲೂ ಇಲ್ಲ. ಹಳೆಯ ಅಲಾರಾಮನ್ನೂ ಮತ್ತೆ ಹಾಕಿಸುತ್ತೇನೆ, ನಿಮ್ಮದೂ ಇರಲಿ, ಎರಡರಲ್ಲಿ ಯಾವುದು ಬಡಿದರೂ ನಿಲ್ಲಿಸುತ್ತೇವೆ ಎಂದಷ್ಟೇ ಹೇಳಿದರು. ಪರಮೇಶ್ವರಪ್ಪ ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಕೆಲಸಕ್ಕೆ ಬಂದಿದ್ದರು. ಎಂದಿನಂತೆ ಅನೀಸಾಗೆ ಕುರ್ಚಿ ತರಿಸಿ ಕೊಟ್ಟರು. ಈ ಸಲ ದೂರ ನಿಲ್ಲದೆ ಪಕ್ಕಕ್ಕೆ ಬಂದು, ಪೆಟ್ಟಿಗೆ ತನ್ನಷ್ಟಕ್ಕೆ ಕೆಟ್ಟರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಗೊತ್ತಾಗುವ ಹಾಗೆ ಇನ್ನೂ ಮಾಡಿಲ್ಲ, ಮಾಡಿಕೊಡುತ್ತೇವೆ ಎಂದಳು ಅವಳು.

ಹೊರಗೆ ಬಂದು ಗೇಟಿನ ಎದುರಿನ ಅಂಗಡಿಯಲ್ಲಿ ಇಬ್ಬರೂ ಟೀ ಹೇಳಿದರು. ದುಶ್ಯಂತ್ ಲೋಟ ಮುಟ್ಟಲಿಲ್ಲ.

"ನಾನು ಈ ಕೆಲಸ ಬಿಡ್ತೀನಿ," ಎಂದ. "ನಿನಗೆ ಬೇರೆ ಯಾರಾದ್ರೂ ಸಿಕ್ತಾರೆ."

"ಬಿಡೋದಾದ್ರೆ ಬಿಡು ಮಾರಾಯ. ಇವತ್ತು ಬೇಡ. ಅದೇ ಪ್ರೋಗ್ರಾಂ ಇನ್ನೆಲ್ಲಿ ಹಾಕಿದೀಯಾ ಹೇಳು."

ಅವನು ತಲೆ ಎತ್ತಿದ. ರಾತ್ರಿಯಿಡೀ ಅವನೂ ಅದನ್ನೇ ಯೋಚಿಸಿದ್ದ ಎಂಬುದು ಮುಖದಲ್ಲೇ ಇತ್ತು. "ಒಂದೇ ಕಡೆ. ಹೊಳಲೂರಲ್ಲಿ. ನಮ್ಮ ಮಾವನ ರೈಸ್ ಮಿಲ್ಲಲ್ಲಿ, ಬಾಯ್ಲರ್ ಪ್ರೆಶರ್ ನೋಡೋದಕ್ಕೆ. ಬೆಳಿಗ್ಗೆ ಎರಡು ಸಲ ನಂಬರ್ ತೆಗೆದೆ. ಒತ್ತೋಕಾಗಲಿಲ್ಲ. ಊರಲ್ಲೆಲ್ಲ ನನ್ನ ಅಳಿಯ ಮಾಡಿದ ಮಶೀನು ಅಂತ ಹೇಳ್ಕೊಂಡು ಬಂದಿದಾರೆ."

"ನಾನು ಮಾಡ್ಲಾ?"

"ಬೇಡ." ಅವನು ಫೋನ್ ತೆಗೆದು ನಂಬರು ಒತ್ತಿದ. ಆ ಕಡೆ ಮಾವ ಹೊನ್ನಯ್ಯನವರ ದೊಡ್ಡ ದನಿ ಅನೀಸಾಗೂ ಕೇಳಿಸಿತು.

"ಮಾವ, ಬಾಯ್ಲರ್ ಬೆಂಕಿ ಆರ್ಸಿಬಿಡಿ. ಈಗಲೇ."

"ಏನೋ ಇದು? ಭತ್ತ ಬೇಯ್ತಾ ಇದೆ ಕಣೋ!"

"ಬೇಯೋದು ಬೇಡ. ನಾನು ಹಾಕಿಕೊಟ್ಟ ಪೆಟ್ಟಿಗೇಲಿ ತಪ್ಪಿದೆ, ನಾನೇ ಮಾಡಿದ ತಪ್ಪು. ಅದು ತೋರ್ಸೋ ಪ್ರೆಶರ್ ನಂಬಬೇಡಿ. ಬಾಯ್ಲರ್ ಮೇಲಿರೋ ಗೇಜ್ ನೋಡಿ, ಬೆಂಕಿ ಆರ್ಸಿ, ಅಲ್ಲಿರೋರನ್ನ ಹೊರಗೆ ಕಳ್ಸಿ. ನಾವು ಹೊರಟ್ವಿ."

ಆ ಕಡೆಯಿಂದ ಬೈಗುಳ ಬಂತು, ನೆಂಟರೆಂಬ ಹಂಗಿಲ್ಲದ ಬೈಗುಳ. ದುಶ್ಯಂತ್ ಎಲ್ಲವನ್ನೂ ಕೇಳಿಸಿಕೊಂಡ. ನಡುನಡುವೆ "ಹೂಂ ಮಾವ, ಮೊದ್ಲು ಆರ್ಸಿ" ಎಂದಷ್ಟೇ ಹೇಳುತ್ತಿದ್ದ. ಕೊನೆಗೆ ಹೊನ್ನಯ್ಯ ಯಾರನ್ನೋ ಕೂಗಿ ಸೌದೆ ಹೊರಗೆಳೆಯಲು ಹೇಳಿದ್ದು ಕೇಳಿಸಿತು. ಅವನು ಅದು ಪೂರ್ತಿ ಆಗುವವರೆಗೂ ಫೋನ್ ಕಿವಿಯಿಂದ ತೆಗೆಯಲಿಲ್ಲ.